ಗೋದಲಿಯ ಹುಲ್ಲು

“ಸ್ವಾಮಿ, ನನ್ನ ಗೋದಲಿಯಲ್ಲಿ ಈ ಸಲ ಹುಲ್ಲು ತೀರ ಕಡಿಮೆ. ಬಾಲಯೇಸುವನ್ನು ಅದರಲ್ಲಿ ಮಲಗಿಸುವುದು ಹೇಗೆ?” ಎಂದು ಇನ್ನಾಸಪ್ಪ ಕೇಳಿದ.

ಕ್ರಿಸ್ಮಸ್‌ಗೆ ಎರಡೇ ದಿನ ಉಳಿದಿತ್ತು. ಉಪದೇಶಿಯಾಗಲು ಗುರುಗಳ ಬಳಿ ಕಲಿಯುತ್ತಿದ್ದ ಇನ್ನಾಸಪ್ಪ ಬೆಳಗಿನಿಂದ ಹತ್ತು ಸಲ ಆ ಗೋದಲಿಯನ್ನು ನೋಡಿ ಬಂದಿದ್ದ. ಗುರುಗಳು ಕನ್ನಡಕ ತೆಗೆದು ಒರೆಸುತ್ತಾ, “ಶುರುವಾಯಿತಪ್ಪ ನಿನ್ನ ಚಿಂತೆ! ಕೂತುಕೋ. ಒಬ್ಬ ಬಡಗಿಯ ಕತೆ ಹೇಳುತ್ತೇನೆ” ಎಂದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಆ ಊರಿನ ಕ್ರೈಸ್ತರ ಓಣಿಯಲ್ಲಿ ಒಂದು ಪದ್ಧತಿ. ಹಬ್ಬಕ್ಕೆ ನಾಲ್ಕು ವಾರ ಇರುವಾಗ ಪ್ರತಿ ಮನೆಯ ಜಗಲಿಯಲ್ಲೂ ಒಂದು ಮರದ ಗೋದಲಿ ಇಡುವರು. ಒಂದು ಒಳ್ಳೆಯ ಕೆಲಸ ಮಾಡಿದರೆ ಅದಕ್ಕೆ ಒಂದು ಹಿಡಿ ಹುಲ್ಲು ಹಾಕುವರು. ಹಬ್ಬದ ಹಿಂದಿನ ದಿನ ಸಂಜೆ ಪಾದ್ರಿಗಳು ಬಾಲಯೇಸುವಿನ ಮರದ ಮೂರ್ತಿ ಎತ್ತಿಕೊಂಡು ಮನೆಮನೆಗೆ ಬರುವರು. ಮೂರ್ತಿಯನ್ನು ಗೋದಲಿಯಲ್ಲಿ ಮಲಗಿಸಿ, ಪ್ರಾರ್ಥಿಸಿ, ಮುಂದಿನ ಮನೆಗೆ ಹೋಗುವರು. ಅವರ ಹಿಂದೆ ಓಣಿಗೆ ಓಣಿಯೇ ಇರುತ್ತಿತ್ತು.

ಹೋದ ವರ್ಷ ಬಡಗಿಯ ಗೋದಲಿಯಲ್ಲಿ ಹುಲ್ಲು ಸಾಲದೆ, ಮೂರ್ತಿಯ ತಲೆ ಹಲಗೆಗೆ ತಾಗಿ ಟಕ್ ಎಂದಿತ್ತು. ಯಾರೋ ಕಿಸಕ್ಕೆಂದರು. “ಪಾಪ, ಮಗುವಿಗೆ ಪೆಟ್ಟಾಯಿತು” ಎಂದರು ಇನ್ಯಾರೋ. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಬಡಗಿಗೆ. ಆಮೇಲೆ ವರ್ಷವಿಡೀ ಉಳಿ ಹೊಡೆದಾಗಲೆಲ್ಲ ಅದೇ ಟಕ್ ಕೇಳಿ ಅವನ ಎದೆ ಧಸಕ್ಕೆನ್ನುತ್ತಿತ್ತು.

ಈ ವರ್ಷ ಹಾಗಾಗಬಾರದೆಂದು ಪಣ ತೊಟ್ಟ. ಮುದುಕಿಯೊಬ್ಬಳಿಗೆ ನೀರು ಸೇದಿಕೊಟ್ಟ, ಒಂದು ಹಿಡಿ. ಎದುರು ಮನೆಯವರ ಬಾಗಿಲ ಚಿಲಕ ಸರಿಮಾಡಿಕೊಟ್ಟ, ಒಂದು ಹಿಡಿ. ಹೆಂಡತಿಯ ಮೇಲೆ ಬಂದ ಸಿಟ್ಟನ್ನು ನುಂಗಿಕೊಂಡ, ಅದಕ್ಕೆ ಎರಡು ಹಿಡಿ ಹಾಕಿಕೊಂಡ. ಹಾಕುವಾಗ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡುವನು. ನಗಬೇಡ, ನಾವೆಲ್ಲ ಮಾಡುವುದೂ ಅದನ್ನೇ. ಅವನಿಗೆ ಹೊಲವಿಲ್ಲ, ದನವಿಲ್ಲ. ಕೆಲಸಕ್ಕೆ ಬದಲಾಗಿ ಯಾರೋ ಕೊಟ್ಟಿದ್ದ ಒಂದೇ ಹೊರೆ ಹುಲ್ಲು ಪೂರ್ತಿ ಗೋದಲಿ ಸೇರಿ ಮೆತ್ತಗೆ ಉಬ್ಬಿಕೊಂಡಿತು.

ಹಬ್ಬದ ಹಿಂದಿನ ದಿನ ಹೊತ್ತು ಇಳಿಯುವಾಗ ಹಿತ್ತಲಾಚೆಯ ಮನೆಯ ಕುಂಬಾರ್ತಿ ಓಡಿಬಂದಳು. ಅವಳು ಕ್ರೈಸ್ತಳಲ್ಲ.

“ಅಣ್ಣಾ, ಮಡಕೆ ಸುಡುವ ಆವಿಗೆಯ ಕಿಡಿ ಹಾರಿ ನಮ್ಮ ಬಣವೆ ಸುಟ್ಟುಹೋಯಿತು. ಹಸು ಬೆಳಿಗ್ಗೆ ಕರು ಹಾಕಿದೆ, ಅದರ ಹೊಟ್ಟೆಗೆ ಏನೂ ಇಲ್ಲ. ಹಾಲಿಳಿಯುತ್ತಿಲ್ಲ, ಕರು ಬರಿದೇ ಚೀಪುತ್ತಿದೆ. ಒಂದು ತೆಕ್ಕೆ ಹುಲ್ಲು ಕೊಡಣ್ಣಾ. ನಾಳೆ ನನ್ನ ತಮ್ಮ ಗಾಡಿ ತುಂಬ ತರುತ್ತಾನೆ.”

“ಇರುವುದು ಗೋದಲಿಯ ಹುಲ್ಲು ಕಣಮ್ಮ. ಕೊಡುವ ಹಾಗಿಲ್ಲ.”

“ಓಣಿಯವರೆಲ್ಲ ಇದನ್ನೇ ಹೇಳುತ್ತಾರಲ್ಲ! ನಾನೂ ಗೋದಲಿಗೆಂದೇ ಅಲ್ಲವೇ ಅಣ್ಣಾ ಕೇಳುತ್ತಿರುವುದು?”

ಅವಳ ಪಾಲಿಗೆ ಗೋದಲಿ ಎಂದರೆ ಕೊಟ್ಟಿಗೆಯಲ್ಲಿ ದನಕ್ಕೆ ಮೇವು ಹಾಕುವ ಜಾಗ. ಬೇರೆ ಗೋದಲಿಯನ್ನು ಅವಳು ಅರಿತವಳಲ್ಲ. ಬಡಗಿ ತಲೆ ತಗ್ಗಿಸಿದ. ಅವಳು ಹೊರಟುಹೋದಳು.

ಅವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಹಿತ್ತಲಾಚೆ ಹಸು ಅಂಬಾ ಎನ್ನುತ್ತಿತ್ತು. ಓಣಿಯ ತುದಿಯಲ್ಲಿ ಪಾದ್ರಿಗಳ ಕೈಗಂಟೆ ಕೇಳಿತು. ಕೊಟ್ಟರೆ ಟಕ್. ಕೊಡದಿದ್ದರೆ ಅಂಬಾ. ನಾಳೆ ಕೊಟ್ಟರಾಯಿತು ಅಂದುಕೊಂಡ. ನಾಳೆಯವರೆಗೆ ಕರು ಉಳಿಯಬೇಕಲ್ಲ ಎಂದೂ ಅಂದುಕೊಂಡ. ಕಿವಿ ಮುಚ್ಚಿಕೊಂಡ. ಗಂಟೆ ಕೇಳಿಸದಾಯಿತು, ಹಸುವಿನ ಕೂಗು ಮಾತ್ರ ಕೇಳುತ್ತಲೇ ಇತ್ತು.

ಹಾಳಾಗಿ ಹೋಗಲಿ ಎಂದು ಎದ್ದ. ಅಷ್ಟೂ ಹುಲ್ಲನ್ನು ತೆಕ್ಕೆಗೆ ಬಾಚಿಕೊಂಡು ಬೇಲಿ ದಾಟಿದ, ಹಸುವಿನ ಮುಂದೆ ಸುರಿದು ಹಾಗೆಯೇ ಓಡಿಬಂದ. ಗಂಟೆ ಆಗಲೇ ಎರಡು ಮನೆಯಾಚೆ ಬಂದಿತ್ತು. ಮೂಲೆಯಲ್ಲಿ ಮರ ಕೀಸಿದ ಸಿಪ್ಪೆ ರಾಶಿ ಬಿದ್ದಿತ್ತು. ಅದನ್ನೇ ತುಂಬಲೇ ಎಂದು ಬಗ್ಗಿದ. ಇದು ಯಾವ ಒಳ್ಳೆಯ ಕೆಲಸಕ್ಕೆ ಎಂಬ ಯೋಚನೆ ಬಂದು ಕೈ ಹಿಂದೆಗೆದ. ಈಗ ಮಾಡಿದ ಕೆಲಸಕ್ಕಾದರೂ ಒಂದು ಹಿಡಿ ಹಾಕಬೇಕಿತ್ತು. ಹಾಕಲು ಹುಲ್ಲೇ ಇರಲಿಲ್ಲ.

ಪಾದ್ರಿಗಳು ಬಂದರು. ಹಿಂದೆ ಓಣಿಯೆಲ್ಲ ಬಂತು. ಪಾದ್ರಿಗಳು ಬಗ್ಗಿ ಮೂರ್ತಿಯನ್ನು ಬರಿ ಹಲಗೆಯ ಮೇಲೆ ಮಲಗಿಸಿದರು. ಟಕ್ ಎಂದಿತು. ಎಲ್ಲರಿಗೂ ಕೇಳಿಸಿತು. “ಈ ವರ್ಷ ಒಂದು ಕಡ್ಡಿಯೂ ಇಲ್ಲವಲ್ಲಪ್ಪ!” ಎಂದು ಯಾರೋ ನಕ್ಕರು. ಬಡಗಿಯ ಮುಖ ಉರಿಯಿತು. ಆದರೂ ಅವನ ಕಿವಿ ಹಿತ್ತಲ ಕಡೆಗಿತ್ತು. ಹಸು ಕೂಗುತ್ತಿರಲಿಲ್ಲ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಇನ್ನಾಸಪ್ಪನಿಗೆ ತಡೆಯಲಾಗಲಿಲ್ಲ.

“ಛೆ, ಯಾರಾದರೂ ಆ ಕುಂಬಾರ್ತಿಗೆ ಬಿಡಿಸಿ ಹೇಳಬಾರದಿತ್ತೇ ಸ್ವಾಮಿ? ಗೋದಲಿ ಎಂದರೇನೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ.”

ಗುರುಗಳು ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು.

“ಆ ಓಣಿಯಲ್ಲಿ ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ, ಇನ್ನಾಸಪ್ಪ.”