ಹರಿದ ದೋಸೆಯ ಪಾಲು

ಹನ್ನೆರಡು ವರ್ಷ ಗಂಡನ ಮನೆಯವರು ಪಂಕಜಳಿಗೆ ಒಂದೇ ಒಂದು ಬಿಸಿ ದೋಸೆಯನ್ನೂ ತಿನ್ನಲು ಬಿಡಲಿಲ್ಲ. ಹರಿದದ್ದು, ಆರಿದ್ದು ಅವಳ ಪಾಲು. ಅದು ಮನೆಯ ಕಟ್ಟಳೆ. ಕಾವಲಿಯ ಹಬೆಯಲ್ಲಿ ಅವಳು ಕನಸು ಕಾಣುತ್ತಿದ್ದಳು: ಗರಿಗರಿ ಅಂಚು, ಕರಗಿ ಜಾರುವ ಬೆಣ್ಣೆ.

ಒಂದು ಭಾನುವಾರ ಗಂಡ ಗುಡುಗಿದ: "ಅಡುಗೆಮನೆಯಿಂದ ಇಲ್ಲಿಗೆ ಬರೋಷ್ಟರಲ್ಲಿ ದೋಸೆ ಆರಿಹೋಗುತ್ತಲ್ಲೇ!"

ಪಂಕಜ ಅವನ ಕುರ್ಚಿಯನ್ನು ಒಲೆಯ ಪಕ್ಕಕ್ಕೆ ಎಳೆದು, ಸೌಟು ಕೈಗಿಟ್ಟಳು. "ಇಲ್ಲಿ ಆರೋದಿಲ್ಲ ರೀ. ನೀವೇ ಹುಯ್ಕೊಳ್ಳಿ."

ಮೊದಲ ದೋಸೆ ಹರಿಯಿತು.

"ಹರಿದದ್ದು ನನ್ನ ಪಾಲಲ್ವಾ? ಕೊಡಿ."

ಎರಡನೆಯದೂ ಹರಿಯಿತು. ಮೂರನೆಯದೂ. ಅವಳು ಕಣ್ಣು ಮುಚ್ಚಿ ತಿಂದಳು. ಬೆಣ್ಣೆ ಕನಸಿನಲ್ಲಿ ಕರಗಿದಂತೆಯೇ ನಾಲಿಗೆಯ ಮೇಲೂ ಕರಗಿತು.

"ನನಗೋ?" ಎಂದ ಗಂಡ, ಖಾಲಿ ತಟ್ಟೆ ನೋಡುತ್ತಾ.

"ಹರಿಯದೇ ಇರೋದು ಬರಲಿ, ತಾಳಿ."

ಓದಿ ನಕ್ಕವರೇ, ನಾಳೆ ಸೌಟು ನೀವು ಹಿಡಿಯಿರಿ. ಹರಿದರೂ ಸರಿ, ಮೊದಲ ಬಿಸಿ ದೋಸೆ ನಿಮ್ಮ ಮನೆಯಲ್ಲಿ ದಿನಾ ದೋಸೆ ಹುಯ್ಯುವವಳ ತಟ್ಟೆಗೆ ಹಾಕಿ.