ಗಾಂಜಾ ನಾರಿನ ಹಗ್ಗ

ಹಗ್ಗ ಹೊಸೆಯುವ ತಿರಕಪ್ಪನ ಹಿತ್ತಲಲ್ಲಿ ಗಾಂಜಾ ಗಿಡ ಕಂಡು ಅಮಲ್ದಾರರು ಕೆಂಡವಾದರು.

"ನಾರಿಗೆ ಅಂತ ಬೆಳೆಸಿದ್ದು ಸ್ವಾಮಿ," ಅಂದ ತಿರಕಪ್ಪ.

"ಇದರ ಒಂದು ಎಳೆ ಎಲ್ಲೇ ಸಿಗಲಿ, ಇವತ್ತೇ ಸುಡಿಸ್ತೀನಿ. ಇಟ್ಟುಕೊಂಡವರು ಯಾರೇ ಇರಲಿ, ಜೈಲಿಗೆ."

ತಿರಕಪ್ಪ ಕೈ ಮುಗಿದ. "ಹಂಗಾದ್ರೆ ತಮ್ಮ ಕಚೇರಿಯಿಂದ್ಲೇ ಶುರು ಮಾಡ್ಬೇಕು ಸ್ವಾಮಿ. ಅಲ್ಲಿ ಮಹಾರಾಜರ ಬಾವುಟ ಕಟ್ಟಿರೋ ಹಗ್ಗ ಇದೇ ನಾರಿಂದು, ನಾನೇ ಹೊಸೆದದ್ದು. ಬಾವುಟ ಇಳಿಸೋಕೆ ನಾನು ಬರಲೋ, ತಾವೇ ಇಳಿಸ್ತೀರೋ?"

ಅಮಲ್ದಾರರಿಗೆ ತಮ್ಮ ನೌಕರಿಯೇ ಕೆಳಗಿಳಿಯುವುದು ಕಂಡಿತು. ಹಣೆ ಒರೆಸಿಕೊಂಡು ಗಿಡವನ್ನು ಮತ್ತೊಮ್ಮೆ ನೋಡಿದರು. ಎಲೆ ಥೇಟ್ ಪುಂಡಿ ಸೊಪ್ಪಿನ ಹಾಗೇ ಇತ್ತು. ವರದಿಯಲ್ಲಿ 'ಪುಂಡಿ ಗಿಡ' ಎಂದು ಬರೆದು ಹೊರಟವರು, ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದರು:

"ಪಲ್ಯ ಮಾತ್ರ ಮಾಡಬೇಡ."