ವಲ್ಲಿಯ ಕೆಳಗಿನ ದರ

ಎತ್ತಿನ ದರವನ್ನು ಬಾಯಿಂದ ಹೇಳದೆ ಬೆರಳಿಂದ ಹೇಳುತ್ತಿದ್ದ ಕಾಲವೊಂದಿತ್ತು.

ಮಂಗಳವಾರದ ದನದ ಸಂತೆ. ದಲಾಲಿ ಮಾಡುವವನು ಹೆಗಲ ಮೇಲಿನ ವಲ್ಲಿಯನ್ನು ಮುಂಗೈ ಮೇಲೆ ಹರಡಿಕೊಂಡು, ಅದರ ಕೆಳಗೆ ಕೊಳ್ಳುವವನ ಕೈ ಹಿಡಿಯುವನು. ಒಂದು ಬೆರಳು ಹಿಚುಕಿದರೆ ನೂರು. ಅಂಗೈಯಲ್ಲಿ ಒಂದು ಗೀರು ಎಳೆದರೆ ಹತ್ತು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ.

ಮುಪ್ಪಿನಲ್ಲಿ ಗಿದ್ಯೋನಪ್ಪನಿಗೆ ಸಂತೆಯ ನೆನಪಾದರೆ ಮೊದಲು ಬರುತ್ತಿದ್ದುದು ವಾಸನೆ: ಸೆಗಣಿ, ಹಸಿ ಮೇವು, ಯಾರೋ ಬಿಚ್ಚಿದ ಬುತ್ತಿಯ ಸೇಂಗಾ ಚಟ್ನಿ. ಈಗ ಆ ಜಾಗದಲ್ಲಿ ಬಸ್ ನಿಲ್ದಾಣವಿದೆ. ದರವನ್ನು ಫೋನಿನಲ್ಲಿ ಕೂಗಿ ಹೇಳುತ್ತಾರೆ. ಕೂಗಿದ್ದರಿಂದ ಮೋಸ ಕಡಿಮೆಯಾಯಿತು ಎಂದೇನಿಲ್ಲ.

ಆಗ ಆ ಸಂತೆಯಲ್ಲಿ ಹೆಸರಾದ ದಲಾಲಿ ಎಂದರೆ ಗಿದ್ಯೋನಪ್ಪನೇ. ಕೊಳ್ಳುವವನು ವಲ್ಲಿಯ ಕೆಳಗೆ ಮುನ್ನೂರಕ್ಕೆ ಒಪ್ಪಿದರೆ, ಅವನು ಮಾರುವವನ ಕಿವಿಯಲ್ಲಿ ಇನ್ನೂರೈವತ್ತು ಎನ್ನುವನು. ನಡುವಿನ ಐವತ್ತು ಅವನ ಚೀಲಕ್ಕೆ. ದಲಾಲಿ ಬೇರೆ, ಇದು ಬೇರೆ. ಎಲ್ಲರೂ ಮಾಡುತ್ತಿದ್ದರು, ಅವನು ಚೆನ್ನಾಗಿ ಮಾಡುತ್ತಿದ್ದ, ಅಷ್ಟೇ.

ಭಾನುವಾರ ಮಾತ್ರ ಹೊಳೆ ದಂಡೆಯ ಕ್ರೈಸ್ತ ಆಶ್ರಮಕ್ಕೆ ಹೋಗಿ ಸಭೆಯ ಗುರು ಹನೋಕ ಅಯ್ಯನವರ ಮುಂದೆ ಚಾಪೆಯ ಮೇಲೆ ಕೂರುವನು. ಒಂದು ಹಂಚಿನ ಪ್ರಾರ್ಥನಾಲಯ, ಎರಡು ಕೋಣೆ, ಬದನೆಯ ಮಡಿ: ಆಶ್ರಮವೆಂದರೆ ಇಷ್ಟೇ. ಆರಾಧನೆಯಲ್ಲಿ ಕಾಣಿಕೆಯ ಚೀಲ ಹಿಡಿದು ಸಾಲು ಸಾಲು ಓಡಾಡುವ ಕೆಲಸ ಅವನದು. ಅದರ ಮೇಲೆ ಅವನಿಗೆ ಬಲು ಅಭಿಮಾನ.

ಒಂದು ಸೋಮವಾರ, ಬರುವ ದಿನವಲ್ಲದಿದ್ದರೂ, ಬಂದ.

"ಅಯ್ಯನವರ, ಈ ದಂಧೆ ಬಿಡ್ತೀನ್ರಿ."

ಅಯ್ಯನವರು ಹಗ್ಗ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಬಿಟ್ಟು?"

"ಇಲ್ಲೇ ಇರ್ತೀನಿ. ಕಸ ಹೊಡೀತೀನಿ, ಗಂಟಿ ಬಾರಸ್ತೀನಿ."

"ಗಂಟಿ ಬಾರಸಾಕ ಮಂದಿ ಅದಾರ. ಯಾಕ ಬಿಡ್ತಿ?"

"ನಿನ್ನೆ ನೀವ ಹೇಳಿದ್ರೆಲ್ರಿ, ದೇವರ ಚಾಕರಿ, ದುಡ್ಡಿನ ಚಾಕರಿ ಎರಡೂ ಕೂಡಿ ಆಗಂಗಿಲ್ಲ ಅಂತ. ನಂದು ಕತ್ತಲಿ ದಂಧೆ. ವಲ್ಲಿ ಕೆಳಗ ಏನು ನಡೀತೈತಿ ಅನ್ನೂದು ನನಗೊಬ್ಬಗ ಗೊತ್ತು."

"ನಿನಗೊಬ್ಬಗ?"

ಗಿದ್ಯೋನಪ್ಪ ಮೇಲೆ ನೋಡಿದ.

"ಇಬ್ಬರಿಗೆ ಅನ್ರಿ."

ಅಯ್ಯನವರು ನಕ್ಕರು.

"ನಾಳೆ ರೂತವ್ವ ಎತ್ತು ಹೊಡ್ಕೊಂಡು ಸಂತಿಗೆ ಬರ್ತಾಳ. ಮಾರಿಕೊಡು. ಆಮ್ಯಾಲ ಬಿಡೂದು ನೋಡೂಣು."

ರೂತವ್ವ ಅದೇ ಸಭೆಯವಳು. ಗಂಡ ತೀರಿಕೊಂಡು ಎರಡು ವರ್ಷ. ಜೋಡೆತ್ತಿನಲ್ಲಿ ಒಂದು ಉಳಿದಿತ್ತು. ಮಗಳಿಗೆ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಕಲಿಯಲು ಜಾಗ ಸಿಕ್ಕಿತ್ತು. ಶುಕ್ರವಾರದೊಳಗೆ ಮುನ್ನೂರು ರೂಪಾಯಿ ಕಟ್ಟಬೇಕು, ಇಲ್ಲವಾದರೆ ಜಾಗ ಬೇರೆಯವರಿಗೆ.

"ಅದು ಮುನ್ನೂರಕ್ಕ ಹೋಗೂ ಎತ್ತಲ್ರಿ. ಬಲಗಾಲು ಎಳೀತೈತಿ. ಇನ್ನೂರಿಪ್ಪತ್ತು ಬಂದ್ರ ಹೆಚ್ಚಾತು."

"ಎತ್ತಿನ ಮಾತು ನನಗೇನು ತಿಳೀತೈತಿ? ದಲಾಲಿ ನೀನು."

"ಮತ್ತ ಏನ್ ಮಾಡ್ಲಿ ಹೇಳ್ರಿ."

ಅಯ್ಯನವರು ಹಗ್ಗದ ತುದಿಯನ್ನು ಅವನ ಕೈಗಿತ್ತರು.

"ಈ ತುದಿಯಿಂದ ಹೊಸದ್ರೂ ಹಗ್ಗ ಆಕ್ಕೈತಿ. ಆ ತುದಿಯಿಂದ ಹೊಸದ್ರೂ ಆಕ್ಕೈತಿ. ಹೋಗಿ ಬಾ."

ಮರುದಿನ ರೂತವ್ವ ಎತ್ತಿನ ಕೋಡಿಗೆ ಎಣ್ಣೆ ಸವರಿ ಹೊಡೆದುಕೊಂಡು ಬಂದಳು.

"ಏ ಗಿದ್ಯೋನಾ, ನನ್ನ ಎತ್ತಿನಾಗ ತಿನ್ನಬ್ಯಾಡ ನೋಡು. ನಿನ್ನ ಹೊಟ್ಟಿ ಈಗಾಗಲೇ ಬೇಕಾದಷ್ಟು ಮುಂದ ಬಂದೈತಿ."

"ಇಲ್ಲ ತಗೀವಾ."

"ನೀ ಇಲ್ಲ ಅಂದ್ರ ನನಗ ಇನ್ನಷ್ಟು ಅಂಜಿಕಿ."

ಹೊಳೆಯಾಚೆಯ ಚನ್ನವೀರಗೌಡ ಎತ್ತಿನ ಹಲ್ಲು ನೋಡಿದ. ನಾಲ್ಕು ಹೆಜ್ಜೆ ನಡೆಸಿದ.

"ಏನೋ ಇದು ಗಿದ್ಯೋನಪ್ಪಾ, ಎತ್ತೋ, ಕುಂಟಬಿಲ್ಲಿ ಆಡೂ ಹುಡುಗಿಯೋ?"

"ಗಳೇ ಹೂಡಿ ನೋಡ್ರಿ ಗೌಡ್ರ, ಆಮ್ಯಾಲ ಮಾತಾಡ್ರಿ."

ಗಿದ್ಯೋನಪ್ಪ ವಲ್ಲಿ ಹಾಸಿದ. ಗೌಡ ಎರಡು ಬೆರಳು ಹಿಡಿದ. ಗಿದ್ಯೋನಪ್ಪ ಮೂರು ಹಿಡಿದ. ಗೌಡ ಒಂದನ್ನು ಕೊಡವಿ ಬಿಟ್ಟ. ಗಿದ್ಯೋನಪ್ಪ ಮತ್ತೆ ಹಿಡಿದ. ತನಗೆ ತಿಳಿದ ವಿದ್ಯೆಯನ್ನೆಲ್ಲ ಆ ಐದು ಬೆರಳಿಗೆ ಸುರಿದ. ಕಡೆಗೆ ಎರಡು ಬೆರಳು, ಅಂಗೈಯಲ್ಲಿ ಎರಡು ಗೀರು. ಇನ್ನೂರಿಪ್ಪತ್ತು. ಅದರಾಚೆ ಗೌಡನ ಕೈ ಕಲ್ಲಾಯಿತು. ಆ ಎತ್ತಿಗೆ ಅದು ನ್ಯಾಯವಾದ ದರವೇ; ಗೌಡನನ್ನು ಬೈಯುವಂತಿರಲಿಲ್ಲ.

ಹೆಂಗಸರು ವಲ್ಲಿಯ ಕೆಳಗೆ ಕೈ ಕೊಡುವ ರೂಢಿಯಿರಲಿಲ್ಲ. ದಲಾಲಿ ಹೇಳಿದ್ದೇ ಅವರಿಗೆ ದರ. ರೂತವ್ವ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಅವನ ಬಾಯನ್ನೇ ನೋಡುತ್ತಿದ್ದಳು.

ಮೂವತ್ತು ವರ್ಷ ಮುನ್ನೂರನ್ನು ಇನ್ನೂರೈವತ್ತು ಮಾಡಿದ ಬಾಯಿ ಅದು.

"ಮುನ್ನೂರಾ ಐದಕ್ಕ ಹೋತವಾ," ಅವಳಿಗಷ್ಟೇ ಕೇಳುವಂತೆ ಎಂದಿತು. "ಐದು ನನ್ನ ದಲಾಲಿ."

ದಲಾಲಿ ಹಿಡಿಯದೆ ಕೊಟ್ಟರೆ ಅವಳಿಗೆ ಅನುಮಾನ ಬರುತ್ತಿತ್ತು. ಅಷ್ಟು ಬುದ್ಧಿ ಅವನಿಗಿತ್ತು. ಗೌಡ ಕೊಟ್ಟ ನೋಟುಗಳನ್ನು ವಲ್ಲಿಯ ಮರೆಗೆ ಒಯ್ದ. ತನ್ನ ಚೀಲದಿಂದ ಎಂಬತ್ತು ತೆಗೆದು ಅದರಲ್ಲಿ ಸೇರಿಸಿದ. ಆಗಿನ ಎಂಬತ್ತು ರೂಪಾಯಿಗೆ ಚೆನ್ನಾಗಿ ಹಾಲು ಕೊಡುವ ಆಡು ಎರಡು ಬರುತ್ತಿದ್ದವು. ಎರಡು ಸಂತೆಯ ಗಳಿಕೆ. ಕೈ ಒಂದು ಗಳಿಗೆ ತಡೆಯಿತು, ಆಮೇಲೆ ಕೊಟ್ಟಿತು.

ರೂತವ್ವ ಎರಡು ಸಲ ಎಣಿಸಿದಳು. ಅವನ ಮುಖ ನೋಡಿದಳು. ನೋಟು ಸೆರಗಿಗೆ ಕಟ್ಟಿಕೊಂಡು ನಡೆದಳು.

ಮನೆಗೆ ಹೋಗುವಾಗ ಗಿದ್ಯೋನಪ್ಪನಿಗೆ ದಾರಿ ಹಗುರವಾಗಿತ್ತು. ಜೋಳದ ಹೊಲಗಳ ನಡುವೆ ಒಬ್ಬನೇ ನಗುತ್ತ ಹೋದ. ಅಂಥ ಸಂಜೆ ಅವನ ಆಯುಷ್ಯದಲ್ಲಿ ಆಮೇಲೆಯೂ ಬಂದದ್ದು ಕಡಿಮೆ.

ಆ ಹಗುರ ಭಾನುವಾರದವರೆಗೆ ಉಳಿಯಿತು.

ಪ್ರಾರ್ಥನಾಲಯದ ಅಂಗಳದಲ್ಲಿ ರೂತವ್ವ ಹೆಂಗಸರ ನಡುವೆ ನಿಂತಿದ್ದಳು. ದನಿ ಇಳಿಸುವ ಪೈಕಿ ಅಲ್ಲ ಅವಳು.

"ಗಿದ್ಯೋನ ಬಾಯಿ ಬಿಟ್ಟು ಮುನ್ನೂರಾ ಐದು ಅಂದಾನಂದ್ರ, ಮುನ್ನೂರಾ ಎಂಬತ್ತಕ್ಕರ ಮಾರಿರಬೇಕು. ಗಂಡ ಸತ್ತಾಕಿ ಎತ್ತಿನಾಗೂ ತಿಂದ ನೋಡ್ರಿ!"

ಕಾಣಿಕೆಯ ಹೊತ್ತಾಯಿತು. ಗಿದ್ಯೋನಪ್ಪ ವಾಡಿಕೆಯಂತೆ ಎದ್ದು ಚೀಲಕ್ಕೆ ಕೈಚಾಚಿದ.

ಹಿಂದಿನ ಸಾಲಿನಿಂದ ಯಾರೋ ಅಂದರು: "ಅವನ ಕೈಯಾಗ ಚೀಲ ಬ್ಯಾಡ್ರಪೋ, ಮ್ಯಾಲ ವಲ್ಲಿ ಹಾಸ್ಯಾನು!"

ಸಭೆ ನಕ್ಕಿತು. ಹಿರಿಯರೊಬ್ಬರು ಚೀಲವನ್ನು ಇನ್ನೊಬ್ಬನಿಗೆ ಕೊಟ್ಟರು. ಗಿದ್ಯೋನಪ್ಪನ ಮುಂದೆ ಅದು ಬಂದಾಗ ಕಾಣಿಕೆ ಹಾಕಿದ. ಚೀಲ ಹಿಡಿದವನು ಅವನ ಕೈಯನ್ನೇ ನೋಡುತ್ತಿದ್ದ, ಹಾಕುತ್ತಾನೋ ತೆಗೆಯುತ್ತಾನೋ ಎಂಬಂತೆ.

ಜನ ಚದುರಿದ ಮೇಲೆ ಅಯ್ಯನವರು ಬದನೆಯ ಮಡಿಯಲ್ಲಿ ಕಳೆ ಕೀಳುತ್ತ ಕೂತಿದ್ದರು. ಗಿದ್ಯೋನಪ್ಪ ಹೋಗಿ ಎದುರು ನಿಂತ.

"ಚನ್ನವೀರಗೌಡನ್ನ ಕರಕೊಂಡು ಬರ್ತೀನ್ರಿ. ಎಷ್ಟು ಕೊಟ್ಟ ಅನ್ನೂದನ್ನ ಸಭೆ ಮುಂದ ಹೇಳ್ಲಿ."

"ಎಷ್ಟು ಕೊಟ್ಟ?"

"ಇನ್ನೂರಿಪ್ಪತ್ತು."

ಅಯ್ಯನವರ ಕೈ ನಿಂತಿತು. ಮತ್ತೆ ಕಳೆಗೆ ಹೋಯಿತು.

"ಅಕಿ ಮಗಳು ಶುಕ್ರವಾರ ಬಸ್ ಹತ್ತಿದ್ಲು."

"ಗೊತ್ತೈತ್ರಿ. ದೂರದಿಂದ ನೋಡಿದೆ."

"ಗೌಡ ಬಂದು ಹೇಳಿದ್ರ ರೂತವ್ವ ಏನ್ ಮಾಡ್ತಾಳ?"

"ನನ್ನ ಕಾಲಿಗೆ ಬೀಳ್ತಾಳ." ಹೇಳಿದ ಮೇಲೆ ಗಿದ್ಯೋನಪ್ಪನ ದನಿ ಸಣ್ಣದಾಯಿತು. "ಆಮ್ಯಾಲ ನನ್ನ ಎಂಬತ್ತು ಹೊಂದಸಾಕ ಕೂಲಿಗೆ ಹೋಗ್ತಾಳ. ಬ್ಯಾಡಂದ್ರೂ ಕೇಳಾಕಿ ಅಲ್ಲ."

"ಮತ್ತ?"

"ಮತ್ತ ನಾ ಕಳ್ಳ ಅನಿಸ್ಕೊಂತ ಇರಬೇಕೇನ್ರಿ? ತಿನ್ನೂವಾಗ ಚೀಲ ನನ್ನ ಕೈಯಾಗಿತ್ತು. ಕೊಟ್ಟ ವಾರನ ಕಸ್ಕೊಂಡ್ರು! ಎಷ್ಟು ದಿನ ಬಾಯಿ ಮುಚ್ಕೊಂಡಿರ್ಲಿ? ನನ್ನ ಕೈಲೆ ಆಗಂಗಿಲ್ರಿ ಅಯ್ಯನವರ."

ಹೊಳೆಯ ಕಡೆಯಿಂದ ಗಾಳಿ ಬಂತು. ಅಯ್ಯನವರು ಬೇರಿನ ಮಣ್ಣು ಕೊಡವಿದರು.

"ಮೂವತ್ತು ವರ್ಷ ಮಂದಿ ಎತ್ತಿನಾಗ ತಿಂದೆಲ್ಲ. ಯಾರ ಮುಂದರ ಹೇಳಿದ್ದೇನು?"

"ಇಲ್ರಿ."

"ಹೇಣ್ತಿ ಮುಂದ?"

"ಇಲ್ರಿ."

"ಹಂಗಾರ ಬಾಯಿ ಮುಚ್ಚೂ ಕಸಬು ನಿನಗ ಬರ್ತೈತಿ. ನಾಡಿದ್ದು ಸಂತಿ ಐತಿ, ಹೋಗು."